ಪರದೆಯ ಮೋಟಾರಿಗೆ ಹಿಡಿದ ರೋಗ

೪ ಜೂನ್

ಮಹಾಜನಗಳೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನ ಗದ್ದಲದವರೇ, ಜಾಗ ಸಿಗದೆ ಗೋಡೆಗೊರಗಿ ನಿಂತ ಪುಣ್ಯಾತ್ಮರೇ, ಹೊತ್ತಾಯಿತೆಂದು ಆಗಲೇ ಬಾಗಿಲ ಕಡೆ ಕಣ್ಣು ಹಾಯಿಸುತ್ತಿರುವವರೇ, ಎಲ್ಲರೂ ಕಿವಿಗೊಡಿ. ತಂಗೀ, ನಗಬೇಡ. ಈ ಕಾಗದವನ್ನು ನಿನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ, ತಾಮ್ರದ ತಂತಿ ಸುತ್ತುವವರೆಲ್ಲ ಕೈ ನಿಲ್ಲಿಸಿ ಕೇಳುವಂತೆ ಗಟ್ಟಿಯಾಗಿ ಓದು. ನನ್ನ ಗೋಳು ಒಬ್ಬರ ಕಿವಿಯಲ್ಲಿ ಹಿಡಿಸುವಂಥದ್ದಲ್ಲ.

ಪರದೆಯ ಮೋಟಾರು ಕೈಕೊಟ್ಟಿದೆ. ನೀನು ನೋಡಿದ್ದ ಹಗ್ಗ ರಾಟೆಗಳು ಈಗಿಲ್ಲ. ನೀನು ಅಪ್ಪನ ನಾಟಕ ಮಂಡಳಿ ಬಿಟ್ಟುಹೋದ ಮೇಲೆ ರಂಗಮಂದಿರದವರು ರಾಟೆ ಕಿತ್ತುಹಾಕಿ ಮೋಟಾರು ಕೂರಿಸಿದರು. ಒಂದು ಗುಂಡಿ ಒತ್ತಿದರೆ ಪರದೆ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಗುಂಡಿಯ ಬಳಿ ನಿಲ್ಲುವ ಮಹಾಪಾತ್ರ ನನ್ನದು.

ಶನಿವಾರ, ನಾಟಕದ ಕಡೆಯಲ್ಲಿ, ಪರದೆ ಮೊಣಕಾಲೆತ್ತರದಲ್ಲಿ ನಿಂತುಬಿಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಮೋಟಾರು ಗುಂಯ್ ಎನ್ನುತ್ತಿದೆ, ತಿರುಗುತ್ತಿಲ್ಲ. ಪರದೆಯ ಕೆಳಗೆ ಅಪ್ಪನ ಎರಡು ಪಾದಗಳು ಮಾತ್ರ, ಜರಿ ಜೋಡಿನಲ್ಲಿ. ರಾಜಾಧಿರಾಜನ ಎಡಪಾದ ಬಲಪಾದವನ್ನು ಕೆರೆಯುವುದನ್ನು ಉಳಿದಿದ್ದ ಸಭೆಯೆಲ್ಲ ನೋಡಿತು. ಆಮೇಲೆ ಫಟ್ ಎಂದು ಇಡೀ ಮಂದಿರದ ದೀಪ ಹೋಯಿತು. ಮೆಟ್ಟಿಲಿಳಿಯುತ್ತಿದ್ದವರು ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು.

ಮಂದಿರದ ಮ್ಯಾನೇಜರು ಬಂದ. ಸೊಂಟದಲ್ಲಿ ಸೇರುಗಟ್ಟಲೆ ಬೀಗದಕೈ ತೂಗುವುದರಿಂದ ನಾವು ಅವನನ್ನು ಗೊಂಚಲು ಎನ್ನುತ್ತೇವೆ.

"ನಾಳೆ ಯಾರದಾದ್ರೂ ಸೊಂಟ ಮುರಿದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಪರದೆ ಸರಿ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಶನಿವಾರದ ಸಂಜೆ ಹೊಲಿಗೆ ಕ್ಲಾಸಿನವರು ಕೇಳ್ತಾ ಇದ್ದಾರೆ, ಅವರಿಗೆ ಕೊಡ್ತೀನಿ. ಅವರಿಗೆ ಪರದೆನೂ ಬೇಡ, ರಾಜನೂ ಬೇಡ."

ಈ ಊರಲ್ಲಿ ಇರುವುದು ಇದೊಂದೇ ರಂಗ. ಅದು ಹೋದರೆ ಅಪ್ಪ ದಿನವಿಡೀ ಮನೆಯಲ್ಲಿರುತ್ತಾರೆ. ನಾನು ಹಲ್ಲುಜ್ಜುವುದನ್ನೂ ನಿರ್ದೇಶಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ವಾರಕ್ಕೊಮ್ಮೆ ಕಿರೀಟ ಇಡದಿದ್ದರೆ ಆ ಮನುಷ್ಯ ಯಾವುದಕ್ಕೆ ಬೆಳಿಗ್ಗೆ ಏಳುತ್ತಾರೆ, ನೀನೇ ಹೇಳು. ಬೇಗ ಉಪಾಯ ಬರೆ.

ಗುಂಡಿಯ ಕಾವಲುಗಾರ,
ನಿನ್ನ ಅಣ್ಣ


೧೧ ಜೂನ್

ಅಣ್ಣಾ,

ಗಟ್ಟಿಯಾಗಿ ಓದಲಿಲ್ಲ. ಅಂಗಡಿಯಲ್ಲಿ ಕೆಲಸ ಇದೆ.

ಗುಂಯ್ ಎಂದು ತಿರುಗದೆ ನಿಂತರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಮೋಟಾರಿನ ಬೆನ್ನ ಮೇಲೆ ಗೂನಿನ ಹಾಗೆ ಒಂದು ಡಬ್ಬಿ ಇರುತ್ತದೆ, ಅದರೊಳಗೆ ಕಪ್ಪು ಉರುಟು ಕೊಳವೆ. ಅದೇ. ನಿಂತ ಬಸ್ಸನ್ನು ನಾಲ್ಕು ಜನ ತಳ್ಳಿ ಬಿಡುತ್ತಾರಲ್ಲ, ಅಷ್ಟೇ ಅದರ ಕೆಲಸ. ಮೋಟಾರು ವೇಗ ಹಿಡಿದ ಕೂಡಲೇ ಒಳಗಿನ ಸ್ವಿಚ್ಚು ಟಕ್ ಎಂದು ಅದನ್ನು ಬಿಡಿಸುತ್ತದೆ. ತಳ್ಳುವವರು ಸತ್ತಿದ್ದರೆ ಮೋಟಾರು ನಿಂತಲ್ಲೇ ನರಳಿ, ವಿಪರೀತ ಕರೆಂಟು ಎಳೆದು, ಮೇನ್ ಬೀಳಿಸುತ್ತದೆ.

ಹೊಸದು ಕಳಿಸಿದ್ದೇನೆ. ಹಾಕುವ ಮುಂಚೆ ಮೇನ್ ತೆಗೆ. ತೆಗೆದ ಮೇಲೂ ಹಳೆಯದರ ಎರಡು ತುದಿಗಳನ್ನು ಮುಟ್ಟಬೇಡ. ಕರೆಂಟು ಹೋದ ಮೇಲೂ ಅದರ ಹೊಟ್ಟೆಯಲ್ಲಿ ಕರೆಂಟು ಉಳಿದಿರುತ್ತದೆ. ಒಂದು ಬಲ್ಬಿನ ಎರಡು ವೈರನ್ನು ಆ ತುದಿಗಳಿಗೆ ಹಿಡಿದು ಖಾಲಿ ಮಾಡಿ ಆಮೇಲೆ ಕೈಹಾಕು. ಕೊಳವೆ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ, ನನ್ನ ಅನುಮಾನ ಸರಿ.

ಬೇರೆ ಸಮಾಚಾರ ನೀನೂ ಬರೆದಿಲ್ಲ, ನಾನೂ ಕೇಳುತ್ತಿಲ್ಲ.

ತಂಗಿ


೨೮ ಜೂನ್

ಸಹೋದರೀ,

ಬದುಕಿದ್ದೇನೆ. ಅದು ನಿನ್ನ ಕಾಗದದ ದಯೆಯಲ್ಲ, ವೇಷದ ಪೆಟ್ಟಿಗೆಯ ದಯೆ.

ಕಂಡೆನ್ಸರ್ ಬದಲಾಯಿಸಲು ಇಲ್ಲಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡೇ ಹುಟ್ಟಿದವನು, ಹೆಸರೂ ಟೆಸ್ಟರೇ. ಬಲ್ಬು ಹಿಡಿದು ಖಾಲಿ ಮಾಡಬೇಕಂತೆ, ತಂಗಿ ಬರೆದಿದ್ದಾಳೆ ಎಂದೆ.

"ಮೇನ್ ತೆಗೆದ್ಮೇಲೆ ಇನ್ನೇನ್ರೀ ಇರುತ್ತೆ, ಮಣ್ಣು. ಮುಟ್ಟಿ" ಎಂದ.

ಮುಟ್ಟಿದೆ. ಕಣ್ಣು ಬಿಟ್ಟಾಗ ಮಹಾರಾಣಿಯ ಸೀರೆಗಳ ನಡುವೆ ಮಲಗಿದ್ದೆ. ಟೆಸ್ಟರ್ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ಬಹಳ ಗಂಭೀರವಾಗಿ, "ಹೌದಲ್ಲ, ಇತ್ತು" ಎಂದ.

ಹಳೆಯ ಕೊಳವೆ ಉಬ್ಬಿತ್ತು, ಎಣ್ಣೆ ಒಸರಿತ್ತು. ಹೊಸದು ಹಾಕಿದೆವು. ವಾರವಿಡೀ ಅಭ್ಯಾಸದಲ್ಲಿ ಪರದೆ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು, ಬಂತು. ಶನಿವಾರವೂ ದೃಶ್ಯ ದೃಶ್ಯಕ್ಕೆ ಎದ್ದಿತು, ಇಳಿಯಿತು. ನಾಟಕದ ಕಡೆಯಲ್ಲಿ ಮಾತ್ರ ಡಬ್ಬಿಯೊಳಗೆ ಢಮ್ ಎಂದು ಸಿಡಿದು, ಕೂದಲು ಸುಟ್ಟ ನಾತ ಹೊಡೆದು, ಮತ್ತೆ ಕತ್ತಲು. ಹೊಸ ಕಂಡೆನ್ಸರ್ ಒಂದೇ ಆಟಕ್ಕೆ ಸ್ವರ್ಗ ಸೇರಿತು. ಎಂಥದ್ದು ಕಳಿಸಿದ್ದೀಯ? ತಂಗಿ ಕಳಿಸಿದ್ದು ಎಂದು ನಾನು ಎದೆತಟ್ಟಿ ಹೇಳಿದ್ದೆ.

ಗೊಂಚಲು ಮುಂದಿನ ಶನಿವಾರವನ್ನು ಹೊಲಿಗೆಯವರಿಗೆ ಕೊಟ್ಟೇಬಿಟ್ಟ. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿ ಆಮೇಲಿನ ಶನಿವಾರಗಳನ್ನು ಉಳಿಸಿಕೊಂಡಿದ್ದೇನೆ. "ಇನ್ನೊಂದ್ ಸಲ ದೀಪ ಹೋದ್ರೆ ನಿಮ್ಮ ಪೆಟ್ಟಿಗೆಗಳು ಬೀದಿಯಲ್ಲಿರುತ್ತವೆ" ಎಂದಿದ್ದಾನೆ. ಅಪ್ಪನಿಗೆ ಇದನ್ನು ಹೇಳಿಲ್ಲ. ಆ ಒಂದು ಶನಿವಾರ ಮಂದಿರಕ್ಕೆ ಸುಣ್ಣ ಹೊಡೆಯುತ್ತಾರೆ ಎಂದು ಹೇಳಿದ್ದೇನೆ.

ಸುಟ್ಟ ಬೆರಳುಗಳ,
ಅಣ್ಣ


೫ ಜುಲೈ

ಅಣ್ಣಾ,

ನಾನು ಕಳಿಸಿದ್ದು ಸರಿಯಾದದ್ದೇ. ಬೆರಳಿಗೆ ಏನು ಹಚ್ಚಿದೆ?

ಅಭ್ಯಾಸದಲ್ಲಿ ಸರಿ, ಆಟದಲ್ಲಿ ಕೆಡುತ್ತದೆ ಎಂದರೆ ಎರಡರ ನಡುವೆ ಏನೋ ವ್ಯತ್ಯಾಸ ಇದೆ. ಆಟದ ದಿನ ದೀಪಗಳೆಲ್ಲ ಉರಿಯುತ್ತವೆ. ಓಲ್ಟೇಜು ಕುಸಿದರೆ ಮೋಟಾರು ಏದುಸಿರು ಬಿಡುತ್ತದೆ. ನನ್ನ ಅನುಮಾನ ಅದರ ಮೇಲೆ. ಎಲ್ಲ ದೀಪ ಹಾಕಿ ಅಳೆಯಲು ಹೇಳು. ಪರದೆಯ ತೂಕ ಹೆಚ್ಚಾಗಿದೆಯೇ ನೋಡು. ಮೋಟಾರು ಕೈ ಇಡಲಾರದಷ್ಟು ಬಿಸಿಯಾಗುತ್ತದೆಯೇ ಬರೆ. ಆಟ ಶುರುವಾದಾಗಿನಿಂದ ಮುಗಿಯುವವರೆಗೆ ಪರದೆ ಎಷ್ಟು ಸಲ ಏಳುತ್ತದೆ ಎಂದೂ ಬರೆ.

ಇನ್ನೊಂದು ಕಂಡೆನ್ಸರ್ ಕಳಿಸಿದ್ದೇನೆ. ಇದನ್ನು ಹಾಕುವಾಗ ಟೆಸ್ಟರೇ ಮುಟ್ಟಲಿ.

ತಂಗಿ


೧೯ ಜುಲೈ

ವೈಂಡಿಂಗ್ ವಿಶಾರದೆಯ ಸನ್ನಿಧಾನಕ್ಕೆ,

ನಿನ್ನ ಅನುಮಾನ ಸುಳ್ಳು. ನೀನು ಕಳಿಸಿದ ಕಂಡೆನ್ಸರನ್ನು ಟೆಸ್ಟರ್ ಕೈಯಲ್ಲೇ ಹಾಕಿಸಿ, ಎಲ್ಲ ದೀಪ ಹಾಕಿ ಅಳೆಸಿದೆ, ಓಲ್ಟೇಜು ಮಿಸುಕಾಡಲಿಲ್ಲ.

ತೂಕ ಎಂದೆಯಲ್ಲ. ಪರದೆಯ ಅಂಚಿನಲ್ಲಿ ಹೊಲಿದಿದ್ದ ಸೀಸದ ತುಂಡುಗಳನ್ನೆಲ್ಲ ಕತ್ತರಿಸಿ ತೆಗೆದೆ. ಯುದ್ಧದ ದೃಶ್ಯಕ್ಕೆ ಬಿರುಗಾಳಿ ಬೇಕೆಂದು ಫ್ಯಾನು ಹಾಕಿದರೆ ಇನ್ನೂ ಅರ್ಧ ಎದ್ದಿದ್ದ ಹಗುರಾದ ಪರದೆ ಹಾರಿ ಬಂದು ಮಂತ್ರಿಯನ್ನು ಸುತ್ತಿಕೊಂಡಿತು. ಅವನು ಪರದೆಯೊಳಗಿಂದಲೇ "ಪ್ರಭೂ, ಶತ್ರು ಎಲ್ಲಿದ್ದಾನೋ ಕಾಣದು" ಎಂದ. ಅದು ಅವನ ಮಾತೇ. ಜನ ಹೊಸ ತಂತ್ರವೆಂದು ಮೆಚ್ಚಿದರು.

ಕಡೆಯಲ್ಲಿ ಮತ್ತೆ ಅದೇ ಕಥೆ, ಆದರೆ ಬೇರೆ ಬಗೆ. ಈ ಸಲ ಢಮ್ ಇಲ್ಲ, ಕತ್ತಲಿಲ್ಲ. ಮೋಟಾರು ಸುಮ್ಮನೆ ಬಾಯಿ ಮುಚ್ಚಿತು. ಕೈ ಇಟ್ಟರೆ ಕಾದ ಹೆಂಚು. ಬೈದೆ, ಒದ್ದೆ, ಜಪ್ಪಯ್ಯ ಎನ್ನಲಿಲ್ಲ. ಅರ್ಧ ಗಂಟೆಯ ಮೇಲೆ, ಯಾರೂ ಹತ್ತಿರ ಸುಳಿಯದೆ, ಏನೂ ಆಗಿಲ್ಲವೆಂಬಂತೆ ತಾನೇ ಹೊರಟು ಪರದೆ ಎತ್ತಿತು. ರಂಗದ ಮೇಲೆ ಮಂತ್ರಿ ಚಡ್ಡಿಯಲ್ಲಿ ನಿಂತು ಮೀಸೆ ಕೀಳುತ್ತಿದ್ದ. ಎದುರಿಗೆ ಪೊರಕೆ ಹಿಡಿದ ಗೊಂಚಲು. ದೀಪ ಹೋಗದ ಕಾರಣ ಇದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಪರದೆ ಎಷ್ಟು ಸಲ ಏಳುತ್ತದೆ ಎಂದು ಕೇಳಿದ್ದೀಯ. ಬೇಕಾದಷ್ಟು ಸಲ ಏಳುತ್ತದೆ. ಅದು ಕಲೆಯ ವಿಷಯ. ನೀನು ಡಬ್ಬಿ ನೋಡಿಕೋ, ಪರದೆ ನಾನು ನೋಡಿಕೊಳ್ಳುತ್ತೇನೆ. ಇನ್ನೂ ದೊಡ್ಡ ಕಂಡೆನ್ಸರ್ ಕಳಿಸು, ಗೂಳಿಯಂಥದ್ದು.

ಅಣ್ಣ


೨೪ ಜುಲೈ

ಅಣ್ಣಾ,

ಗೂಳಿಯಂಥದ್ದು ಹಾಕಿದರೆ ಕಂಡೆನ್ಸರ್ ಉಳಿದು ಮೋಟಾರು ಸುಡುತ್ತದೆ. ಕಳಿಸುವುದಿಲ್ಲ.

ಬಿಸಿಯಾಗಿ ನಿಂತು, ಆರಿದ ಮೇಲೆ ತಾನೇ ಹೊರಟಿತಲ್ಲ, ಅದಕ್ಕೆ ಕಾರಣ ಅದರೊಳಗಿನ ಕಾವಲು. ಮೈ ಮಿತಿಮೀರಿ ಕಾದರೆ ಅದು ಮೋಟಾರನ್ನು ಮಲಗಿಸುತ್ತದೆ. ಇಷ್ಟು ದಿನ ನಾನು ರೋಗ ಹುಡುಕುತ್ತಿದ್ದೆ. ನಿನ್ನ ಮೋಟಾರಿಗೆ ರೋಗವಿಲ್ಲ, ದಣಿವು. ದೃಶ್ಯಕ್ಕೊಮ್ಮೆ ಎದ್ದು ಇಳಿಯುವ ಮೋಟಾರು ದಣಿಯುವುದಿಲ್ಲ. ಯಾರೋ ದಣಿಸುತ್ತಿದ್ದಾರೆ. "ಬೇಕಾದಷ್ಟು" ಎನ್ನುವುದು ಲೆಕ್ಕವಲ್ಲ, ಮುಚ್ಚಿಡುವ ಮಾತು. ಇಂಥ ಮಾತು ಕೇಳಿಯೇ ನಾನು ಬೆಳೆದವಳು.

ನಾಟಕದ ಕಡೆಯಲ್ಲಿ ಅಲ್ಲಿ ಏನು ನಡೆಯುತ್ತದೆ? ಬರೆಯದಿದ್ದರೆ ಇನ್ನು ಮೋಟಾರಿನ ವಿಷಯ ನನಗೆ ಬರೆಯಬೇಡ.

ತಂಗಿ


೨೯ ಜುಲೈ

ತಂಗೀ,

ಅಪ್ಪ ದಣಿಸುತ್ತಿದ್ದಾರೆ.

ಕಡೆಯ ದೃಶ್ಯ ಮುಗಿದು ಪರದೆ ಬೀಳುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ, ನಾನು ಪರದೆ ಎತ್ತುತ್ತೇನೆ, ಅಪ್ಪ ಬಾಗಿ ನಮಸ್ಕರಿಸುತ್ತಾರೆ, ಇಳಿಸುತ್ತೇನೆ. ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. ಅಪ್ಪ ಕದಲುವುದಿಲ್ಲ. ನಾನು ನಿಲ್ಲುವ ಕಡೆಯಿಂದ ಅವರ ಬೆನ್ನು ಮಾತ್ರ ಕಾಣುತ್ತದೆ, ನೆಟ್ಟಗೆ, ಕಾಯುತ್ತಾ. ಮತ್ತೆ ಎತ್ತುತ್ತೇನೆ. ಮತ್ತೆ ಬಾಗುತ್ತಾರೆ. ಮತ್ತೆ ನಿಲ್ಲುತ್ತಾರೆ. ಅಷ್ಟರಲ್ಲಿ ಅರ್ಧ ಸಭೆ ಮೆಟ್ಟಿಲಲ್ಲಿರುತ್ತದೆ. ಮತ್ತೆ ಎತ್ತಿದಾಗ ಕುರ್ಚಿಗಳು ಮಾತ್ರ. ಆದರೂ ಆ ಬೆನ್ನು ಕಾಯುತ್ತದೆ. ಎದುರಿನ ದೀಪ ಕಣ್ಣಿಗೆ ಹೊಡೆಯುವುದರಿಂದ ಅವರಿಗೆ ಸಭೆ ಕಾಣುವುದಿಲ್ಲ ಎಂದು ನನ್ನ ನಂಬಿಕೆ. ಎಷ್ಟು ಸಲ ಎಂದು ನಾನು ಎಣಿಸಿಲ್ಲ, ಎಣಿಸುವ ಧೈರ್ಯವಿಲ್ಲ. ಮೋಟಾರು ಎಣಿಸುತ್ತದೆ.

ಆ ಬೆನ್ನಿಗೆ "ಅಪ್ಪಾ, ಯಾರೂ ಇಲ್ಲ, ಬನ್ನಿ" ಎಂದು ಹೇಳುವ ಮಗ ಇನ್ನೂ ಹುಟ್ಟಿಲ್ಲ. ಆದ್ದರಿಂದ ದಣಿಯದ ಕಂಡೆನ್ಸರ್ ಲೋಕದಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ಕಳಿಸು.

ಅಣ್ಣ


೩೦ ಜುಲೈ

ಮಗಳೇ,

ಬರೆಯುತ್ತಿರುವವನು ನಿನ್ನ ತಂದೆ. ಅಕ್ಷರ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ.

ಮೋಟಾರಿನ ವಿಷಯವಾಗಿ ನಿನ್ನ ಅಣ್ಣ ನಿನಗೆ ಬರೆಯುತ್ತಿದ್ದಾನೆಂದು ಬಲ್ಲೆ. ಲಕೋಟೆಯ ಮೇಲೆ ನಿನ್ನ ಕೈಬರಹ ನೋಡಿದ್ದೇನೆ. ಒಳಗೇನಿದೆ ಎಂದು ಕೇಳುವವನು ನಾನಲ್ಲ. ಈಗ ನನ್ನದೊಂದು ಅಹವಾಲಿದೆ.

ಹಿಂದೊಮ್ಮೆ ತುಂಬಿದ ಸಭೆ ಕೂಗಿ ಕೂಗಿ ಎರಡನೆಯ ಸಲ ಪರದೆ ಎತ್ತಿಸಿತು. ಅಂದಿನಿಂದ ನಿನ್ನ ಅಣ್ಣನಿಗೆ ಪರದೆ ಎತ್ತುವ ಹುಚ್ಚು ಹಿಡಿದಿದೆ. ಜನ ಎದ್ದು ಹೋಗಿರುತ್ತಾರೆ, ಆ ಬೀಗದಕೈ ಮನುಷ್ಯ ಕಸ ಗುಡಿಸುತ್ತಿರುತ್ತಾನೆ, ಇವನು ಎತ್ತುತ್ತಾನೆ. ಎತ್ತಿದ ಪರದೆಯ ಮುಂದೆ ಬೆನ್ನು ತಿರುಗಿಸಿ ಹೋಗುವುದನ್ನು ನನ್ನ ಗುರುಗಳು ನನಗೆ ಕಲಿಸಲಿಲ್ಲ. ಬಾಗುತ್ತೇನೆ. ನೆಟ್ಟಗಾಗುವಷ್ಟರಲ್ಲಿ ಇಳಿಯುತ್ತದೆ. ಹೊರಡೋಣವೆಂದರೆ ಮಂಡಿ ಹಿಡಿದುಕೊಂಡು ಕಾಲು ಬರುವುದಿಲ್ಲ. ಅದು ಬಿಡುವಷ್ಟರಲ್ಲಿ ಮತ್ತೆ ಏಳುತ್ತದೆ. ಖಾಲಿ ಕುರ್ಚಿಗಳಿಗೆ ಬಾಗಿ ಬಾಗಿ ನನ್ನ ಸೊಂಟ ಬಿಲ್ಲಾಗಿದೆ.

ಅವನಿಗೇ ಹೇಳಬಾರದೇ ಎನ್ನುತ್ತೀಯ. ಹೇಗೆ ಹೇಳಲಿ? ನಿನ್ನ ಅಣ್ಣ ಕಾಗದದ ಮೇಲೆ ಸಿಂಹ, ಸಭೆ ಕಂಡರೆ ನಾಲಿಗೆ ಕಟ್ಟುತ್ತದೆ. ಆ ಗುಂಡಿಯೊಂದೇ ಅವನ ಪಾತ್ರ. ಅದನ್ನು ಮೊಟಕು ಮಾಡು ಎಂದು ತಂದೆಯಾದವನು ಯಾವ ಬಾಯಿಂದ ಹೇಳಲಿ? ಆದ್ದರಿಂದ ನಿನ್ನ ವಿದ್ಯೆ ಉಪಯೋಗಿಸಿ, ಕಡೆಯಲ್ಲಿ ಒಂದು ಸಲ ಎದ್ದು ಒಂದು ಸಲ ಇಳಿದು ಮರ್ಯಾದೆಯಿಂದ ನಿಲ್ಲುವಂತೆ ಆ ಮೋಟಾರಿಗೆ ಏನಾದರೂ ಮಾಡು. ಅವನಿಗೆ ತಿಳಿಯಬಾರದು.

ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಬೇಡವೆನ್ನುವುದಿಲ್ಲ.

ನಿನ್ನ ತಂದೆ


೬ ಆಗಸ್ಟ್

ಅಪ್ಪನಿಗೂ ಅಣ್ಣನಿಗೂ,

ಇದು ಇಬ್ಬರಿಗೂ ಸೇರಿ ಒಂದೇ ಕಾಗದ. ಒಟ್ಟಿಗೆ ಕೂತು ಓದಿ. ಒಬ್ಬರೇ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ ಇನ್ನೊಬ್ಬರನ್ನು ಕರೆಯಿರಿ.

ಕಂಡೆನ್ಸರ್ ಒಂದು ಸಲ ತಳ್ಳಿ ಆಮೇಲೆ ಆರಬೇಕು. ಆರಲು ಬಿಡದೆ ಮೇಲಿಂದ ಮೇಲೆ ತಳ್ಳಿಸಿದರೆ ಒಳಗೇ ಕುದಿದು ಸಿಡಿಯುತ್ತದೆ. ಒಳ್ಳೆಯ ಕಂಡೆನ್ಸರುಗಳನ್ನು ನೀವಿಬ್ಬರೂ ಸೇರಿ ಕೊಂದಿದ್ದೀರಿ. ಓಲ್ಟೇಜು, ಸೀಸ, ತೂಕ ಎಂದು ನಾನೂ ದಡ್ಡಿಯ ಹಾಗೆ ತಿಂಗಳುಗಟ್ಟಲೆ ಕತ್ತಲಲ್ಲಿ ತಡಕಾಡಿದೆ. ನನ್ನ ಅಂಗಡಿಯಲ್ಲಿ ಬಾವಿಯ ಮೋಟಾರುಗಳು ಸಾಲಾಗಿ ಕೂತಿವೆ. ಅವುಗಳ ಯಜಮಾನರು ದಿನಾ ಬಂದು ಬೈಯುತ್ತಾರೆ. ನಾನು ನಿಮ್ಮ ಪರದೆಯ ಯೋಚನೆ ಮಾಡುತ್ತಾ ಕೂತಿದ್ದೇನೆ.

ಒಂದು ಟೈಮರ್ ಹಾಕಿದರೆ ಮುಗಿಯಿತು. ಒಂದು ಸಲ ಎದ್ದು ಇಳಿದ ಮೇಲೆ ಗುಂಡಿ ಒತ್ತಿದರೂ ಮೋಟಾರು ಏಳದು. ಅಂಗೈಯಗಲದ ಕೆಲಸ. ಮಾಡುವುದಿಲ್ಲ. ಅಣ್ಣ ನನಗೇನು ಬರೆದ ಎಂದು ಅಪ್ಪನಿಗೆ ಹೇಳುವುದಿಲ್ಲ, ಅಪ್ಪ ಏನು ಬರೆದರು ಎಂದು ಅಣ್ಣನಿಗೆ ಹೇಳುವುದಿಲ್ಲ. ಪರದೆ ಯಾಕೆ ಮತ್ತೆ ಮತ್ತೆ ಏಳುತ್ತದೆ ಎಂದು ಬಾಯಿಬಿಟ್ಟು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಮೂರು ಗಂಟೆ ಸಭೆ ನಡುಗುವ ಹಾಗೆ ಮಾತಾಡುವ ಮನೆ ನಮ್ಮದು. ಪರದೆಯ ಹಿಂದೆ ಒಂದು ಮಾತಿಗೆ ಗತಿಯಿಲ್ಲ.

ಇದು ಮೋಟಾರಿನಿಂದ ಶುರುವಾದದ್ದೂ ಅಲ್ಲ. ನಾನು ಪೆಟ್ಟಿಗೆ ಹಿಡಿದು ಹೊರಟ ದಿನ ನೀವಿಬ್ಬರೂ ಬಾಗಿಲಲ್ಲಿ ನಿಂತಿದ್ದಿರಿ. ಹೋಗು ಎನ್ನಲಿಲ್ಲ, ಹೋಗಬೇಡ ಎನ್ನಲಿಲ್ಲ, ಮತ್ತೆ ಬಾ ಎನ್ನಲಿಲ್ಲ. ಬೀದಿಯ ತಿರುವಿನವರೆಗೂ ನಾನು ತಿರುಗಿ ತಿರುಗಿ ನೋಡಿದೆ. ಇರಲಿ.

ಈಗಿರುವುದೂ ಸಿಡಿದರೆ ಇರಲಿ ಎಂದು ಇನ್ನೊಂದು ಕಂಡೆನ್ಸರ್ ಇದರ ಜೊತೆಗಿದೆ. ಇದೇ ಕೊನೆಯದು.

ನಿಮ್ಮಿಬ್ಬರ ಜೊತೆ ಹೆಣಗಿ ಸಾಕಾದ,
ಮಗಳು ಮತ್ತು ತಂಗಿ


೧೮ ಆಗಸ್ಟ್

ತಂಗೀ,

ನಿನ್ನ ಕಾಗದ ಬಂದಾಗ ಅಪ್ಪ ವೇಷದ ಕೋಣೆಯಲ್ಲಿ ಕನ್ನಡಿಯ ಮುಂದಿದ್ದರು. ಅಪ್ಪಣೆಯಂತೆ ಒಟ್ಟಿಗೆ ಕೂತು ಓದಿದೆವು. ಓದಿ ಮುಗಿಸಿದ ಮೇಲೆ ನಾನೇ ಶುರುಮಾಡಿದೆ. ನಾಲಿಗೆ ಕಟ್ಟಿತು, ಆದರೂ ಮಾಡಿದೆ.

"ಅಪ್ಪಾ, ಆಟ ಮುಗಿದ್ಮೇಲೆ ನೀವು ಯಾಕೆ ನಿಂತೇ ಇರ್ತೀರಿ?"

"ನೀನು ಯಾಕೆ ಎತ್ತುತ್ತಾನೇ ಇರ್ತೀಯ?"

"ನೀವು ನಿಂತಿದ್ರಿ ಅಂತ ಎತ್ತಿದೆ."

"ನೀನು ಎತ್ತಿದೆ ಅಂತ ನಿಂತೆ."

ಮೂಲೆಯಲ್ಲಿ ಬಣ್ಣ ಒರೆಸುತ್ತಿದ್ದ ಮಂತ್ರಿ ಬಟ್ಟೆ ಕೆಳಗಿಟ್ಟ. "ಹಂಗಾದ್ರೆ ನಿಮ್ಮಿಬ್ಬರಿಗೂ ಅದು ಇಷ್ಟ ಇರ್ಲಿಲ್ವಾ? ನಾವು ಇಷ್ಟು ದಿನ ಮನೆಗೆ ಹೋಗೋ ಬಸ್ಸು ಬಿಟ್ಕೊಂಡು ಕಾದಿದ್ದೀವಲ್ರೀ."

ಅಪ್ಪನಿಗೆ ರೇಗಿತು. "ನನ್ನ ಮಂಡಿ ನೋವು ನಿನಗೆ ಗೊತ್ತಾಗ್ಲಿಲ್ವೇನೋ?"

"ಬೆನ್ನು ಕಾಣುತ್ತೆ, ಮಂಡಿ ಕಾಣಲ್ಲ. ಒಂದ್ ಮಾತು ಹೇಳ್ಬಹುದಿತ್ತು."

"ನಿನಗೂ ಬಾಯಿತ್ತು."

ಹೀಗೇ ಸಾಗಿತು. ಬೀದಿಯ ಜನ ಹೊಸ ನಾಟಕದ ಅಭ್ಯಾಸವೆಂದುಕೊಂಡಿರಬೇಕು. ನಾನು ಹುಟ್ಟಿದಂದಿನಿಂದ ಅಪ್ಪನ ಜೊತೆ ಅಷ್ಟು ಹೊತ್ತು ಮಾತಾಡಿರಲಿಲ್ಲ. ಹೊಲಿಗೆ ಕ್ಲಾಸಿನ ವಿಷಯವನ್ನೂ ಬಾಯಿಬಿಟ್ಟೆ. ಗೋಡೆಗೆ ಸುಣ್ಣ ಕಾಣದಾಗಲೇ ಅವರಿಗೆ ಅನುಮಾನ ಬಂದಿತ್ತಂತೆ, ಕೇಳಿರಲಿಲ್ಲ ಅಷ್ಟೆ.

ನಿನ್ನೆ ಆಟ. ಕಡೆಯಲ್ಲಿ ಪರದೆ ಒಂದು ಸಲ ಎದ್ದಿತು. ಅಪ್ಪ ಬಾಗಿದರು. ಜನ ಇನ್ನೂ ಕುರ್ಚಿಯಲ್ಲೇ ಇದ್ದರು, ಚಪ್ಪಾಳೆ ಇತ್ತು. ಇಳಿಸಿದೆ. ಬೆರಳು ಗುಂಡಿಯ ಮೇಲೇ ಇತ್ತು, ತೆಗೆಯಲು ಕಷ್ಟವಾಯಿತು, ತೆಗೆದೆ.

"ಮುಗೀತೇನೋ?" ಎಂದರು, ತಿರುಗದೆ.

"ಮುಗೀತಪ್ಪಾ."

"ಹಂಗಾದ್ರೆ ಬಂದು ತೋಳು ಕೊಡು. ಮಂಡಿ ಹಿಡ್ಕೊಂಡಿದೆ."

ಗೊಂಚಲು ಮೋಟಾರಿನ ಮೇಲೆ ಕೈ ಇಟ್ಟು, "ಪರವಾಗಿಲ್ಲ, ಉಗುರುಬೆಚ್ಚಗಿದೆ" ಎಂದು, ಹೊಲಿಗೆಯವರಿಗೆ ಭಾನುವಾರ ಕೊಡುವುದಾಗಿ ಹೇಳಿ ಬೀಗ ಹಾಕಿದ. ಶನಿವಾರ ಅಪ್ಪನಿಗೇ ಉಳಿಯಿತು.

ಇವತ್ತು ಬೆಳಿಗ್ಗೆಯಿಂದ ಅಪ್ಪ ಪಡಸಾಲೆಯಲ್ಲಿ ಹಿಂದೆ ಮುಂದೆ ಓಡಾಡುತ್ತಿದ್ದಾರೆ. ಮೊದಲು, "ಮೋಟಾರು ಸರಿಹೋಯ್ತು ಅಂತ ಅವಳಿಗೆ ಬರೆ" ಎಂದರು. ನೀವೇ ಬರೆಯಿರಿ ಎಂದೆ. ಆಮೇಲೆ, "ಅವಳ ಅಂಗಡಿ ಎಷ್ಟು ದೂರ?" ಬಸ್ಸಿನಲ್ಲಿ ಅರ್ಧ ದಿನ ಎಂದೆ. ಇನ್ನೊಂದು ಸುತ್ತು ಓಡಾಡಿ, "ಸುಮ್ಮಸುಮ್ಮನೆ ಏನಂತ ಹೋಗೋದು? ಮನೆಯಲ್ಲಿ ಕೆಟ್ಟಿರೋ ಮೋಟಾರು ಯಾವುದಾದ್ರೂ ಇದೆಯಾ?" ಎಂದರು. ಇಲ್ಲ ಎಂದೆ. ತಲೆಯ ಮೇಲೆ ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ಬಹಳ ಹೊತ್ತು ನೋಡಿದರು. "ಅದನ್ನು ಬಿಚ್ಚಬೇಡಿ" ಎಂದೆ.

ಕೊನೆಗೆ ಬರಿಗೈಯಲ್ಲಿ ಬರಲು ಒಪ್ಪಿದ್ದಾರೆ, ನಾನು ಜೊತೆಗಿದ್ದರೆ ಮಾತ್ರ. ಅವರ ಹಂಚಿಕೆ ನನಗೆ ಗೊತ್ತಿಲ್ಲವೇ? ನಿನ್ನ ಬಾಗಿಲಲ್ಲಿ ನನ್ನನ್ನು ಮುಂದೆ ತಳ್ಳಿ, ಹೇಳಬೇಕಾದದ್ದನ್ನೆಲ್ಲ ನನ್ನ ಬಾಯಲ್ಲಿ ಹೇಳಿಸಿ, ತಾವು ಹಿಂದೆ ನಿಂತು ತಲೆಯಾಡಿಸುವುದು. ಆ ಪಾತ್ರ ನಾನು ಮಾಡುವುದಿಲ್ಲ.

ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಇದನ್ನು ಓದುವಾಗ ಅವರು ನಿನ್ನ ಮೋಟಾರುಗಳ ನಡುವೆ ಎಲ್ಲೋ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ. ಕೂರಲು ಏನಾದರೂ ಕೊಡು, ಆದರೆ ಮೊದಲ ಮಾತು ನೀನು ಆಡಬೇಡ. ಎಷ್ಟು ಹೊತ್ತಾದರೂ ಆಗಲಿ, ಅವರೇ ಆಡಲಿ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂರಿಸಿ, ಲಕೋಟೆಯನ್ನು ಅವರ ಜೇಬಿಗೆ ಸೇರಿಸಿ, ಕುಡಿಯುವ ನೀರು ತರುತ್ತೇನೆಂದು ಹೇಳಿ ನಾನು ಇಳಿದುಬಿಡುತ್ತೇನೆ.

ನಿನ್ನ ಅಣ್ಣ